ಕರಡಿಗೆಯೊಳಗಿನ ಸದ್ದು

ಕೊಲ್ಲಂ
೬ ಜನವರಿ ೨೦೨೬

ದ್ರಾಕ್ಷಾಯಣಿ ಅತ್ತಿಗೆಯವರಿಗೆ ಅರುಣಾಳ ಶರಣು.

ರೈಲು ಮೂರು ಗಂಟೆ ತಡವಾಗಿ ಬಂತು. ಆದರೂ ನಾನು ಸರಿಯಾದ ಹೊತ್ತಿಗೇ ದೋಣಿ ಹತ್ತಿದೆ, ಏಕೆಂದರೆ ದೋಣಿಯ ಎಂಜಿನ್ನು ಇನ್ನೂ ತಡವಾಗಿ ಎದ್ದಿತು. ಪುಷ್ಪಲತಾಳ ಗಂಡ ಉಮಾಶಂಕರ್ ಹಡಗಿನ ಎಂಜಿನ್ ರೂಮಿನಲ್ಲಿ ಆಯುಸ್ಸು ಕಳೆದವರು. ನಿವೃತ್ತಿಯಾದ ಮೇಲೂ ನೀರು ಬಿಡಲಾಗದೆ ಅಕ್ಕಿ ಸಾಗಿಸುವ ಹಳೆಯ ದೋಣಿಯೊಂದನ್ನು ಕೊಂಡು, ಎರಡು ಕೋಣೆ, ಒಂದು ಅಡುಗೆಮೂಲೆ ಮಾಡಿಸಿಕೊಂಡಿದ್ದಾರೆ. ನಮ್ಮ ಸ್ಕೂಲಿನಲ್ಲಿ ಹಿಂದಿ ಹೇಳುತ್ತಿದ್ದ ಪುಷ್ಪಲತಾ ಈಗ ಆ ದೋಣಿಗೂ ಹಿಂದಿಯಲ್ಲೇ ಬೈಯುತ್ತಾಳೆ.

ಸ್ಟೇಷನ್ನಿನಲ್ಲಿ ನೀವು ಕೇಳಿದಿರಿ, ‘ನೀರಿನ ಮೇಲೆ ಹೋಗಿ ಏನ್ ನೋಡ್ತೀಯೇ, ನಮ್ಮ ಹಳೇಬೀಡು ಕೆರೆ ಸಾಲ್ದಾ?’ ಎಂದು. ಸಾಲದು ಅತ್ತಿಗೆ. ಕೆರೆಗೆ ಆಚೆ ದಡ ಕಾಣುತ್ತದೆ. ಮೂವತ್ತೈದು ವರ್ಷ ಅರಸೀಕೆರೆಯ ಮಕ್ಕಳಿಗೆ ಹಿನ್ನೀರು ಎಂದರೆ ಏನೆಂದು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೀಚಿದವಳು ನಾನು. ಒಂದು ಸಲವೂ ಅದರಲ್ಲಿ ಕಾಲು ಅದ್ದಿರಲಿಲ್ಲ.

ಫೋನ್ ಮಾಡುವುದಿಲ್ಲ, ಕಾಗದವೇ ಬರೆಯುತ್ತೇನೆ. ಫೋನ್ ಮಾಡಿದರೆ ಅಣ್ಣ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾನೆ. ಬೀದಿಗೆಲ್ಲ ಕೇಳಿಸುತ್ತದೆ, ನಿಮಗೊಬ್ಬರಿಗೆ ಕೇಳಿಸುವುದಿಲ್ಲ. ನಿಲ್ಲುವ ಊರು, ತಾರೀಖು ಬರೆದ ಚೀಟಿ ಇದರೊಳಗಿದೆ: ಕಾಯಂಕುಳಂ, ಅಲಪ್ಪುಳ, ವೈಕಂ, ಕೊನೆಗೆ ಕೊಡುಂಗಲ್ಲೂರು. ಆಯಾ ಊರಿನ ಅಂಚೆ ಕಚೇರಿಗೆ ನನ್ನ ಹೆಸರು ಹಾಕಿ ಕಳಿಸಿದರೆ ಇಟ್ಟುಕೊಂಡಿರುತ್ತಾರೆ, ನಾನು ಹೋಗಿ ಈಸಿಕೊಳ್ಳುತ್ತೇನೆ. ವಿಳಾಸ ನಿಮ್ಮ ಮಗ ಮಹಾಂತೇಶನ ಕೈಲಿ ಬರೆಸಿ.

ಫೆಬ್ರವರಿ ಎಂಟಕ್ಕೆ ಮನೆಯಲ್ಲಿರುತ್ತೇನೆ. ಹದಿನೈದಕ್ಕೆ ಶಿವರಾತ್ರಿ. ಮಹಾಂತೇಶನ ಮಗಳು ಸಿರಿಗೆ ಅಂದೇ ಲಿಂಗದೀಕ್ಷೆಯಾದರೆ ಪಕ್ಕದಲ್ಲಿ ಕೂತು ಅಂಗೈಯಲ್ಲಿ ಪೂಜೆ ಮಾಡಿ ತೋರಿಸುವವಳು ನಾನೇ. ಒಂಬತ್ತು ವರ್ಷದವಳಿಗೆ ಕೊಟ್ಟ ಮಾತು ತಪ್ಪಿದರೆ ಹತ್ತು ವರ್ಷ ಎತ್ತಿ ಆಡುತ್ತಾಳೆ.

ಪ್ಲಾಟ್‌ಫಾರ್ಮಿನ ಮೇಲೆ ನೀವು ಹೊಸ ಶಿವದಾರ ಹಾಕಿ ಬಿಗಿದ ಗಂಟು ಹಾಗೇ ಇದೆ. ಬೆಳ್ಳಿ ಕರಡಿಗೆ ಕೊರಳಲ್ಲಿ, ಲಿಂಗ ಕರಡಿಗೆಯಲ್ಲಿ, ಎರಡೂ ಕ್ಷೇಮ. ಪೂಜೆಯಾಗದೆ ತುತ್ತೆತ್ತಿಲ್ಲ.

ಅರುಣಾ


ಕಾಯಂಕುಳಂ
೧೧ ಜನವರಿ

ಅತ್ತಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆಯುತ್ತಿರುವಾಗಲೇ ನನಗದು ಗೊತ್ತು. ಆದರೂ ನಿಮಗಲ್ಲದೆ ಯಾರಿಗೆ ಬರೆಯಲಿ.

ನನ್ನ ಲಿಂಗ ನೀರಿಗೆ ಬಿತ್ತು.

ಮೊನ್ನೆ ಬೆಳಿಗ್ಗೆ. ಕೋಣೆಯೊಳಗೆ ಕೂತು ಪೂಜೆ ಮಾಡಬೇಕಿತ್ತು. ನನಗೆ ನೀರಿನ ಹುಚ್ಚು, ದೋಣಿಯ ಮೂತಿಯ ಹತ್ತಿರ ಕೂತೆ. ಬಿಸಿಲು ಇನ್ನೂ ಏರಿರಲಿಲ್ಲ. ವಿಭೂತಿ ಹಚ್ಚಿ, ಎಡಗೈ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದೆ. ಆಗಲೇ ದೊಡ್ಡದೊಂದು ಮೀನುದೋಣಿ ಪಕ್ಕದಲ್ಲೇ ಹಾದುಹೋಯಿತು. ಅದರ ಅಲೆಗೆ ನಮ್ಮ ದೋಣಿ ಒಂದೇ ಸಲ ಓಲಿತು. ಬೀಳುತ್ತೇನೆಂದು ಕಂಬ ಹಿಡಿದೆ. ಯಾವ ಕೈಯಲ್ಲಿ ಹಿಡಿದೆ ಗೊತ್ತೆ? ಎಡಗೈಯಲ್ಲಿ.

ಸದ್ದೂ ಬರಲಿಲ್ಲ. ಎಂಟು ವರ್ಷದವಳಿದ್ದಾಗ ಸ್ವಾಮಿಗಳು ಅಂಗೈಗಿಟ್ಟದ್ದು, ಐವತ್ತೆರಡು ವರ್ಷ ಮೈಮೇಲಿದ್ದದ್ದು.

ಅಲ್ಲಿ ನೀರಿಗಿಳಿದು ಕಪ್ಪೆಚಿಪ್ಪು ತೆಗೆಯುವವನೊಬ್ಬನಿದ್ದ. ಅವನಿಗೆ ನನ್ನ ಮಾತು ತಿಳಿಯದು, ನನಗೆ ಅವನದು. ಮರಳಿನ ಮೇಲೆ ದುಂಡಗೆ ಬರೆದು ತೋರಿಸಿದೆ. ಉಂಗುರವೆಂದುಕೊಂಡ. ಮೂರು ಸಲ ಮುಳುಗಿ ಮೂರು ಸಲವೂ ಕೆಸರು, ಚಿಪ್ಪು ತಂದ. ಕೊನೆಗೆ ನನ್ನ ಮುಖ ನೋಡಿ ಒಂದು ಚಿಪ್ಪನ್ನು ತೊಳೆದು ನನ್ನ ಕೈಗಿಟ್ಟು ಹೋದ. ಪುಷ್ಪಲತಾಗೆ ಕಿವಿಯೋಲೆ ಬಿತ್ತು ಎಂದು ಸುಳ್ಳು ಹೇಳಿದೆ.

ಎರಡು ದಿನ ಊಟ ಮಾಡಲಿಲ್ಲ. ದೋಣಿ ಓಲಾಟಕ್ಕೆ ಹೊಟ್ಟೆ ತೊಳಸುತ್ತದೆ ಎಂದೆ, ನಂಬಿದರು. ಇವತ್ತು ಪುಟ್ಟು, ಕಡಲೆ ಸಾರು ತಿಂದೆ. ರುಚಿಯಾಗಿತ್ತು, ಅದಕ್ಕೇ ಅಳು ಬಂತು.

ಕರಡಿಗೆ ಇನ್ನೂ ಕೊರಳಲ್ಲಿದೆ, ನಿಮ್ಮ ಗಂಟೂ ಇದೆ. ಬರಿದಾದ ಕರಡಿಗೆ ತೀರಾ ಹಗುರ, ಎದೆಯ ಮೇಲೆ ನಿಲ್ಲುವುದೇ ಇಲ್ಲ. ಆ ಚಿಪ್ಪನ್ನೇ ಒಳಗೆ ಹಾಕಿದ್ದೇನೆ. ನಡೆದರೆ ಟಕಟಕ ಎನ್ನುತ್ತದೆ.

ಅಮ್ಮನನ್ನು ಮಣ್ಣಿಗಿಡುವಾಗ ಅವಳ ಲಿಂಗವನ್ನು ಅವಳ ಅಂಗೈಯಲ್ಲಿಟ್ಟವರು ನೀವು. ನಾನು ಸತ್ತಾಗ ನನ್ನ ಅಂಗೈಯಲ್ಲಿ ಏನಿಡುತ್ತೀರಿ? ಅದಕ್ಕಿಂತ ಮುಂಚೆ ಸಿರಿಯ ಪಕ್ಕ ಕೂತು, ಎಲ್ಲರೆದುರು ಈ ಮುಚ್ಚಳ ಹೇಗೆ ತೆಗೆಯಲಿ?


ಕಾಯಂಕುಳಂ
೧೧ ಜನವರಿ (ಕಾರ್ಡು)

ಅತ್ತಿಗೆ, ನಾನು ಕ್ಷೇಮ. ಕಾಯಂಕುಳಂ ಚಿಕ್ಕ ಊರೇನಲ್ಲ, ಆದರೆ ನೀರಿನ ಕಡೆಯಿಂದ ನೋಡಿದರೆ ಚಿಕ್ಕದು. ಚೀನಾ ಬಲೆಗಳು ದಡದುದ್ದಕ್ಕೂ ನಿಂತಿವೆ. ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ನಾರು ತೆಗೆಯುತ್ತಾರೆ, ವಾಸನೆ ಅಣ್ಣನ ಕೊಬ್ಬರಿ ಮಂಡಿಯನ್ನೂ ಮೀರಿಸುತ್ತದೆ. ಊಟ ಚೆನ್ನಾಗಿದೆ. ನಾಳೆಯೇ ಹೊರಡುತ್ತೇವೆ. ಅರುಣಾ.


ಹಳೇಬೀಡು
೧೬ ಜನವರಿ

ಚಿರಂಜೀವಿ ಅರುಣಾಗೆ,

ನಿನ್ನ ಕಾಗದ, ಕಾರ್ಡು ಎರಡೂ ಬಂದವು. ಅಂಚೆಯ ಗಿಡ್ಡಯ್ಯ ‘ಅಮ್ಮಾವ್ರೇ, ನಿಮಗ್ಯಾರು ಇನ್ನೂ ಕಾಗ್ದ ಬರೀತಾರೆ’ ಎಂದು ನಿಂತು ಕೇಳಿ, ಕಾಫಿ ಕುಡಿದು ಹೋದ. ಇದರೊಳಗೆ ಒಂದು ಚಿಟಿಕೆ ಎಳ್ಳುಬೆಲ್ಲ ಇಟ್ಟಿದ್ದೇನೆ. ಪುಡಿಯಾಗಿದ್ದರೆ ಪೊಟ್ಟಣ ಬಾಯಿಗೆ ಸುರಿದುಕೋ.

ಮಠಕ್ಕೆ ಹೋಗಿ ಬಂದೆವು. ಶಿವರಾತ್ರಿಯ ಬೆಳಿಗ್ಗೆ ಸಿರಿಗೆ ದೀಕ್ಷೆ ಎಂದು ಸ್ವಾಮಿಗಳು ಹೇಳಿದ್ದಾರೆ. ಜೊತೆಯಲ್ಲಿ ಮನೆಯ ಹಿರಿಯ ಹೆಂಗಸೊಬ್ಬಳು ಕೂತು ಪೂಜೆ ತೋರಿಸಬೇಕು. ಸೊಸೆ ಮಧುಶ್ರೀ ‘ಅತ್ತೆ, ನೀವೇ ಕೂತ್ಕೊಳ್ಳಿ’ ಎಂದಳು. ಅಷ್ಟರಲ್ಲಿ ಸಿರಿ ‘ಬಾಗ್ಲು ಹಾಕ್ಕೊಂಡು ಪೂಜೆ ಮಾಡೋ ಅಜ್ಜಿ ಬೇಡ, ಅರುಣಜ್ಜಿನೇ ತೋರಿಸ್ಲಿ’ ಅಂದುಬಿಟ್ಟಿತು. ಎಲ್ಲರೂ ನಕ್ಕರು. ನಾನೂ ಮಂಡಿ ನೋವು, ನನ್ನ ಕೈಲಾಗುವುದಿಲ್ಲ ಎಂದೆ. ನೀನೇ ಕೂರಬೇಕು. ಎಂಟನೇ ತಾರೀಖು ಎಂದರೆ ಎಂಟನೇ ತಾರೀಖು.

ಕಾರ್ಡಿನಲ್ಲಿ ಪೂಜೆಯ ಮಾತೇ ಇಲ್ಲ. ಮೀನಿನ ಊರು, ಮಡಿ ಮೈಲಿಗೆ ನೋಡಿಕೊಂಡಿರು. ಮಧುಶ್ರೀ ಮದುವೆಯಾಗಿ ಬಂದ ಹೊಸತರಲ್ಲಿ ಲಿಂಗ ಬಚ್ಚಲಲ್ಲಿ ಮರೆತಳೆಂದು ಅವಳನ್ನು ದಿನವಿಡೀ ಉಪವಾಸ ಕೂರಿಸಿದ್ದೆ, ನಿನಗೆ ನೆನಪಿರಬೇಕು. ನಾನು ಅಂಥವಳು. ಹೇಳಿದ್ದೇನೆ.

ನಿಮ್ಮಣ್ಣ ಅಲ್ಲಿಯ ಕೊಬ್ಬರಿ ಹೇಗೆ ಒಣಗಿಸುತ್ತಾರೆ ಎಂದು ಕೇಳುತ್ತಾರೆ. ಕೆರೆ ತುಂಬಿದೆ. ದೇವಸ್ಥಾನ ನೋಡಲು ಬಂದ ಬಸ್ಸುಗಳು ಏರಿಯವರೆಗೆ ನಿಂತಿರುತ್ತವೆ.

ದ್ರಾಕ್ಷಾಯಣಿ


ವೈಕಂ
೨೨ ಜನವರಿ

ಅತ್ತಿಗೆ,

ನಿನ್ನೆ ಅಲಪ್ಪುಳದ ಅಂಚೆ ಕಚೇರಿಯಲ್ಲಿ ನಿಮ್ಮ ಕಾಗದ ಸಿಕ್ಕಿತು. ಅಲ್ಲೇ ಬೆಂಚಿನ ಮೇಲೆ ಕೂತು ಎಳ್ಳುಬೆಲ್ಲ ಬಾಯಿಗೆ ಸುರಿದುಕೊಂಡೆ, ಕಾಗದ ಎರಡು ಸಲ ಓದಿದೆ, ಎದ್ದು ನೇರವಾಗಿ ದೋಣಿಗೆ ಬಂದು ‘ಹೊರಡೋಣ’ ಎಂದೆ. ಅಲಪ್ಪುಳದಲ್ಲಿ ಮೂರು ದಿನ ಇರಬೇಕಿತ್ತು. ಪುಷ್ಪಲತಾಗೆ ಕೋಪ. ‘ಏನೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಊರು ನೋಡೋಕೆ ಬಂದ್ಯೋ, ಊರು ದಾಟೋಕೆ ಬಂದ್ಯೋ?’ ಎಂದಳು. ನನಗೇ ಗೊತ್ತಿಲ್ಲ.

ಇಲ್ಲಿಯ ಊರುಗಳೆಲ್ಲ ನೀರಿಗೆ ಮುಖ ಮಾಡಿವೆ. ಮೊದಲು ಒಂದು ಜೆಟ್ಟಿ, ಅದರ ಬುಡದಲ್ಲಿ ಚಹಾ ಅಂಗಡಿ, ಒಬ್ಬ ಲಾಟರಿ ಮಾರುವವನು, ಒಂದು ಚರ್ಚು ಅಥವಾ ದೇವಸ್ಥಾನ, ಮೀನಿನ ಬುಟ್ಟಿಯ ಹೆಂಗಸರು. ಮೊದಲ ಊರಿನಲ್ಲಿ ಇಳಿದು ಬೀದಿಬೀದಿ ಸುತ್ತಿದೆ. ಈಗ ಇಳಿಯುತ್ತೇನೆ, ಒಂದು ಚಹಾ ಕುಡಿಯುತ್ತೇನೆ, ಮುಂದಿನ ಊರು ಎಷ್ಟು ದೂರ ಎಂದು ಕೇಳುತ್ತೇನೆ. ಚಹಾದವರಿಗೂ ನಗು. ನಿಂತರೆ ಏನೋ ಹಿಂದಿನಿಂದ ಬಂದು ಹಿಡಿಯುತ್ತದೆ ಅನ್ನಿಸುತ್ತದೆ. ದೋಣಿ ಹೊರಟರೆ ಎದೆ ಒಂದಿಷ್ಟು ಹಗುರ. ಕತ್ತಲಾಗುವ ಹೊತ್ತಿಗೆ ಮತ್ತೆ ಅದೇ.

ಅಣ್ಣನಿಗೆ ಹೇಳಿ: ಇಲ್ಲಿ ಕಾಯಿ ಎರಡು ಹೋಳು ಮಾಡಿ ಬಿಸಿಲಿಗಿಟ್ಟು ವಾರದೊಳಗೆ ಕೊಬ್ಬರಿ ಎನ್ನುತ್ತಾರೆ. ನಮ್ಮ ಅಟ್ಟದ ಮೇಲೆ ವರ್ಷವಿಡೀ ಇಟ್ಟು ಉಂಡೆ ಮಾಡುವುದನ್ನು ವಿವರಿಸಿದೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ ಎಂದರು.

ಅತ್ತಿಗೆ, ಶಿವರಾತ್ರಿಗೆ ನಾನು ಬರಲಾಗದೇನೋ. ಕೊಡುಂಗಲ್ಲೂರಿನಿಂದ ಉಮಾಶಂಕರ್ ಇನ್ನೂ ಮೇಲೆ, ಪೊನ್ನಾನಿಯವರೆಗೆ ಹೋಗುವ ಯೋಚನೆಯಲ್ಲಿದ್ದಾರೆ. ಮಾರ್ಚ್ ಆಗಬಹುದು. ಸಿರಿಯ ಪಕ್ಕ ನೀವೇ ಕೂರಿ. ಮಂಡಿ ನೋವಿದ್ದರೆ ಕುರ್ಚಿ ಹಾಕಿಕೊಂಡು ಕೂರಿ, ಶಿವ ಬೇಡ ಅನ್ನುವುದಿಲ್ಲ. ನಿಮಗಿಂತ ನಿಷ್ಠೆಯವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಅರುಣಾ


ಹಳೇಬೀಡು
೨೮ ಜನವರಿ

ಅರುಣಾ,

ಪೊನ್ನಾನಿಯಂತೆ, ಮಾರ್ಚಂತೆ. ನೀರು ತಲೆಗೇರಿದೆ ನಿನಗೆ.

ಕಾಗದ ಓದಿ ಸಿರಿಗೆ ಹೇಳಿದೆ. ಅಳಲಿಲ್ಲ. ನೀನು ಅವಳಿಗೆಂದು ತಂದುಕೊಟ್ಟ ಚಿಕ್ಕ ಮಣೆಯನ್ನು ತೆಗೆದು ಮೂಲೆಗೆ ಒರಗಿಸಿಟ್ಟಳು, ಅಷ್ಟೇ. ಅದು ನನಗೆ ಅಳುವುದಕ್ಕಿಂತ ಹೆಚ್ಚಾಯಿತು. ಹತ್ತು ವರ್ಷ ನಿನಗೆ ಜಡೆ ಹಾಕಿದ ಕೈ ಇದು. ಒಂದು ದಿನವೂ ನಿನ್ನನ್ನು ಏನೂ ಕೇಳಿದವಳಲ್ಲ ನಾನು. ಈಗ ಕೇಳುತ್ತಿದ್ದೇನೆ.

ಕುರ್ಚಿಯ ಮಾತು ಬಿಡು. ನಾನು ಕೂರಲಾರೆ. ಏಕೆ ಎನ್ನಬೇಡ. ಮಧುಶ್ರೀ ದಿನಾ ಬೆಳಿಗ್ಗೆ ‘ಅತ್ತೆ, ಬಾಗ್ಲು ತೆಗ್ದು ಪೂಜೆ ಮಾಡಿ, ಸಿರಿ ನೋಡಿ ಕಲೀಲಿ’ ಎನ್ನುತ್ತಾಳೆ. ನಾಲ್ಕು ದಿನದಿಂದ ತಲೆನೋವು ಎಂದು ಹೇಳಿ ಸಾಗಿಸಿದ್ದೇನೆ. ನೀನು ಬರದಿದ್ದರೆ ನನ್ನನ್ನೇ ಕೂರಿಸುತ್ತಾರೆ.

ಬಾ. ಬೈಯುವುದಿಲ್ಲ.

ಅತ್ತಿಗೆ


ಕೊಡುಂಗಲ್ಲೂರು
೨ ಫೆಬ್ರವರಿ

ಅತ್ತಿಗೆ,

ಉಮಾಶಂಕರ್ ಪೊನ್ನಾನಿಗೆ ಹೋಗುತ್ತಿಲ್ಲ. ಎಂದೂ ಹೋಗುವವರಿರಲಿಲ್ಲ. ನಾನೇ ಹುಟ್ಟಿಸಿದ ಊರು ಅದು. ಆರನೇ ತಾರೀಖಿನವರೆಗೆ ಎಂಜಿನ್ ರಿಪೇರಿ, ಆಮೇಲೆ ಅವರು ದೋಣಿ ತಿರುಗಿಸಿಕೊಂಡು ಕೊಲ್ಲಂಗೆ ಹೋಗುತ್ತಾರೆ. ನಾನು ಎತ್ತ ಹೋಗಲಿ ಎಂದು ಮೂರು ದಿನದಿಂದ ಈ ಜೆಟ್ಟಿಯ ಮೇಲೆ ಅಡ್ಡಾಡುತ್ತಿದ್ದೇನೆ.

ನಿಮ್ಮ ಕಾಗದ ಓದಿ ನಾಚಿಕೆಯಾಯಿತು. ನೀವು ಮಂಡಿ ನೋವು, ತಲೆನೋವು ಎಂದು ಒದ್ದಾಡುತ್ತಿದ್ದೀರಿ, ನಾನು ಊರೂರು ತಪ್ಪಿಸಿಕೊಂಡು ತಿರುಗುತ್ತಿದ್ದೇನೆ. ಇದರ ಜೊತೆ ಇನ್ನೊಂದು ಕಾಗದವಿದೆ. ಕಾಯಂಕುಳಂನಲ್ಲಿ ಬರೆದದ್ದು, ತಾರೀಖು ನೋಡಿ. ಮೊದಲು ಅದನ್ನು ಓದಿ, ಆಮೇಲೆ ಇದನ್ನು.

ಓದಿದಿರಾ? ಈಗ ಹೇಳಿ, ನಾನು ಹೇಗೆ ಬರಲಿ? ಮಧುಶ್ರೀಯನ್ನು ಉಪವಾಸ ಕೂರಿಸಿದ ದಿನ ನಾನು ನಿಮ್ಮ ಪರವಾಗಿ ಮಾತಾಡಿದ್ದೆ, ‘ಅತ್ತಿಗೆ ಮಾಡಿದ್ದೇ ಸರಿ’ ಎಂದು. ಬಚ್ಚಲಲ್ಲಿ ಮರೆತವಳಿಗೆ ಆ ಶಿಕ್ಷೆಯಾದರೆ ನೀರಿಗೆ ಹಾಕಿದವಳಿಗೆ ಏನು? ಇನ್ನೊಂದು ಲಿಂಗ ಕೊಡಿ ಎಂದು ಸ್ವಾಮಿಗಳನ್ನು ಕೇಳಬಹುದು, ಕೊಡಲೂಬಹುದು. ಆದರೆ ಅದಕ್ಕೆ ಮೊದಲು ನಿಮ್ಮ ಮುಖ ನೋಡಬೇಕಲ್ಲ. ನನಗೆ ಭಯವಿರುವುದು ಸ್ವಾಮಿಗಳದ್ದಲ್ಲ.

ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಅದನ್ನೂ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹನ್ನೊಂದರವರೆಗೆ ಇಲ್ಲೇ ಒಂದು ರೂಮು ಹಿಡಿದು ಕಾಯುತ್ತೇನೆ. ಚಿಪ್ಪು ಇನ್ನೂ ಸದ್ದು ಮಾಡುತ್ತಿದೆ.

ಅರುಣಾ


ಹಳೇಬೀಡು
೬ ಫೆಬ್ರವರಿ

ಅರುಣಾ,

ಹತ್ತಿ ಸುತ್ತಬೇಕು ಕಣೇ. ಹತ್ತಿ ಸುತ್ತಿಟ್ಟರೆ ಸದ್ದು ಬರುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೂ ಮೂರು ದಿನ ಹಿಡಿದಿತ್ತು.

ನನ್ನದು ಹೋಗಿ ಹನ್ನೆರಡು ವರ್ಷ. ಮಧುಶ್ರೀಯನ್ನು ಉಪವಾಸ ಕೂರಿಸಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಕರಡಿಗೆಯ ಮುಚ್ಚಳ ಸಡಿಲಾಗಿತ್ತು. ಬೇಲೂರಿಗೆ ಹೋದಾಗ ಅಕ್ಕಸಾಲಿಗೆ ತೋರಿಸೋಣ, ಇವತ್ತು ತೋರಿಸೋಣ, ನಾಳೆ ತೋರಿಸೋಣ ಎಂದು ಸಾಗಹಾಕಿದೆ. ಒಂದು ಸಂಜೆ ಕೆರೆಯ ಮೆಟ್ಟಿಲಲ್ಲಿ ಬಗ್ಗಿ ಕಾಲು ತೊಳೆದೆ. ಮನೆಗೆ ಬಂದು ನೋಡಿದರೆ ಮುಚ್ಚಳ ತೆರೆದಿತ್ತು. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಹೋಗಿ ಮೊಳಕಾಲುದ್ದ ನೀರಿನಲ್ಲಿ ತಡಕಾಡಿದೆ. ಸಿಕ್ಕಿದ್ದು ಒಂದು ನುಣುಪು ಬೆಣಚುಕಲ್ಲು.

ಅಂದೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೊಸ ಸೊಸೆಯ ಮುಂದೆ ಯಾವ ಬಾಯಲ್ಲಿ ಹೇಳಲಿ? ನಾಳೆ ಹೇಳೋಣ ಎಂದುಕೊಂಡೆ. ನಾಳೆಗೆ ಬಾಗಿಲು ಹಾಕಿಕೊಂಡೆ. ಊರವರು ನನ್ನ ನಿಷ್ಠೆ ಎಂದರು, ನೀನೂ ಹಾಗೇ ಬರೆದೆ. ಆ ಸಾಲು ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ನನ್ನ ಮಂಡಿಗೆ ಏನೂ ಆಗಿಲ್ಲ, ಅಟ್ಟ ಹತ್ತಿ ಇಳಿಯುತ್ತೇನೆ.

ನಿನ್ನೆ ನಿನ್ನ ಕಾಗದ ಬಂತು. ಓದಿ, ದೇವರ ಮನೆಯ ಬಾಗಿಲು ತೆರೆದಿಟ್ಟು, ಎಲ್ಲರನ್ನೂ ಕರೆದು ಕರಡಿಗೆ ಬಿಚ್ಚಿ ತೋರಿಸಿದೆ. ನನ್ನದನ್ನು ಮಾತ್ರ. ನಿನ್ನದು ಹೇಳಿಲ್ಲ, ಅದನ್ನು ಹೇಳಬೇಕಾದವಳು ನೀನು.

ನಿಮ್ಮಣ್ಣ ಕಲ್ಲನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ ‘ಹನ್ನೆರಡು ವರ್ಷ ಬಾಗ್ಲು ಹಾಕ್ಕೊಂಡಿದ್ದು ಇದಕ್ಕಾ? ನನ್ ಮೇಲೆ ಏನೋ ಸಿಟ್ಟು ಐತೆ ಅಂದ್ಕೊಂಡಿದ್ದೆ ಕಣೇ’ ಎಂದರು. ಅವರು ಹಾಗೆ ಅಂದುಕೊಂಡಿದ್ದಾರೆಂದು ನನಗೆ ಹೊಳೆದೇ ಇರಲಿಲ್ಲ. ಅವರ ಕಣ್ಣಲ್ಲಿ ನೀರು ನೋಡಿದ್ದು ಮಹಾಂತೇಶ ಹುಟ್ಟಿದ ದಿನ ಬಿಟ್ಟರೆ ನಿನ್ನೆಯೇ.

ಮಧುಶ್ರೀಯ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. ಅವಳು ‘ಹಂಗಾದ್ರೆ ಇವತ್ತು ನಿಮಗೆ ಊಟ ಇಲ್ಲ ಅತ್ತೆ’ ಎಂದಳು. ನಾನು ಆಗಲಿ ಎಂದು ಕೂತೆ. ಅವಳೇ ತಟ್ಟೆ ತಂದು ಮುಂದಿಟ್ಟು, ಅಡುಗೆಮನೆಗೆ ಹೋಗಿ ಅತ್ತಳು. ನಾನು ಉಣ್ಣಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳು ಕೂತ ಹಾಗೇ ಸಂಜೆಯವರೆಗೆ ಕೂತಿದ್ದೆ. ಸಂಜೆ ಇಬ್ಬರೂ ಒಟ್ಟಿಗೆ ಉಂಡೆವು.

ಇವತ್ತು ಬೆಳಗಿನ ಮೊದಲ ಬಸ್ಸಿಗೆ ಮಠಕ್ಕೆ ಹೋಗಿ ಬಂದೆ. ಸ್ವಾಮಿಗಳು ಬೈಯುತ್ತಾರೆಂದು ಎಲೆಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಅವರು ಕೇಳಿದ್ದು ಒಂದೇ.

‘ಪೂಜೆ ನಿಲ್ಸಿದ್ರಾ ಅಮ್ಮ?’

‘ಇಲ್ಲ ಬುದ್ಧಿ. ಕಲ್ಲಿಗೇ ಮಾಡ್ದೆ.’

‘ಹಂಗಾದ್ರೆ ಶಿವರಾತ್ರಿಗೆ ಬನ್ನಿ’ ಎಂದರು.

ಅಲ್ಲಿಯ ಮರಿಸ್ವಾಮಿಗಳಿಗೆ ಮೂರು ಮಣೆ ಹಾಕಿಸಿ ಎಂದು ಹೇಳಿ ಬಂದಿದ್ದೇನೆ. ಒಂದು ಸಿರಿಗೆ, ಒಂದು ನನಗೆ. ಮೂರನೆಯದು ಯಾರಿಗೆ ಎಂದು ಸಿರಿ ಕೇಳಿತು. ಬರುತ್ತಾರೆ ನೋಡು ಎಂದೆ. ಮೂಲೆಗೆ ಒರಗಿಸಿದ್ದ ಚಿಕ್ಕ ಮಣೆಯನ್ನು ತೊಳೆದು ಬಿಸಿಲಿಗಿಟ್ಟಿದ್ದಾಳೆ. ನಮಗೆ ತೋರಿಸಿಕೊಡಲು ಪಕ್ಕದಲ್ಲಿ ಮಧುಶ್ರೀ ಕೂರುತ್ತಾಳೆ. ಇಬ್ಬರು ಮುದುಕಿಯರು ಒಂಬತ್ತು ವರ್ಷದ ಮಗುವಿನ ಜೊತೆ ಅವಳಿಂದ ಕಲಿಯೋಣ.

ಬೆಣಚುಕಲ್ಲನ್ನು ಕೆರೆಗೆ ಹಾಕಲು ಮನಸ್ಸು ಬಂದಿಲ್ಲ. ಹನ್ನೆರಡು ವರ್ಷ ನನ್ನ ವಿಭೂತಿ ಹಚ್ಚಿಸಿಕೊಂಡಿದೆ. ನೀನು ಬಂದ ಮೇಲೆ ಮೆಟ್ಟಿಲವರೆಗೆ ಇಬ್ಬರೂ ಹೋಗೋಣ.

ನಿಮ್ಮಣ್ಣ ಫೋನ್ ಮಾಡುತ್ತೇನೆ ಎಂದರು, ನಾನೇ ಬೇಡ ಎಂದೆ. ಸ್ಪೀಕರಿನಲ್ಲಿ ಹೇಳುವಂಥದ್ದಲ್ಲ ಇದು. ಯಾವ ರೈಲು ಎಂದು ಮಾತ್ರ ಮಹಾಂತೇಶನಿಗೆ ತಿಳಿಸು. ಅರಸೀಕೆರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ, ನೀನು ಹೋಗುವಾಗ ನಿಂತಿದ್ದ ಕಡೆಯೇ ನಿಂತಿರುತ್ತೇನೆ.

ಮೇಲೆ ಹತ್ತಿ ಸುತ್ತು ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು. ಸುತ್ತಬೇಡ. ಸದ್ದು ಮಾಡುತ್ತಲೇ ಬಾ, ನನ್ನ ಮಂದ ಕಿವಿಗೂ ಕೇಳಲಿ.

ನಿನ್ನ ಅತ್ತಿಗೆ